ತಾಲೀಮಿಗೂ ಟಿಕೇಟೇ?



ನನ್ನ ವಯಸ್ಸಿನವರು ಸಾಮಾನ್ಯವಾಗಿ ಕೈಹಾಕದ ವಿಷಯವೊಂದನ್ನು ಈ ಸಲ ಎತ್ತಿಕೊಂಡಿದ್ದೇನೆ. ಅಂತರ್ಜಾಲದ ಮೂಲಕ ನಾಲ್ಕಾರು ಗೆಳೆಯರು ಜೊತೆಗೂಡಿ ಆಡುವ ಕಂಪ್ಯೂಟರ್ ಆಟಗಳ ವಿಷಯ ಅದು. ಇನ್ನೂ ಮುಗಿಯದ, ಮಾಡು ಹೊದಿಸದ ಮನೆಯಂತಿರುವ ಆಟಗಳನ್ನು ಹಣಕ್ಕೆ ಮಾರಿ, ಕೊಂಡವರಿಂದಲೇ ಅವುಗಳ ದೋಷಗಳನ್ನು ಹುಡುಕಿಸಿಕೊಳ್ಳುವ ಪದ್ಧತಿಯ ಬಗ್ಗೆ ನನ್ನ ತಕರಾರಿದೆ. ‘ಮೇಷ್ಟ್ರಿಗೆ ಇದೆಲ್ಲ ಯಾಕೆ?’ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುತ್ತೀರಿ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ ‘ಪರೀಕ್ಷೆ’ ಎಂಬ ಪದದ ಮೇಲೆ ಅಷ್ಟಿಷ್ಟು ಹಕ್ಕಿದೆ ಎಂದು ಭಾವಿಸಿದ್ದೇನೆ. ಆ ಪದದ ಹೆಸರಿನಲ್ಲಿ ನಡೆಯುವ ಈ ವ್ಯಾಪಾರವನ್ನು ಕಂಡು ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ಬಾಲ್ಯದಲ್ಲಿ ಜಾತ್ರೆಯ ನಾಟಕಕ್ಕೆ ಊರಿನವರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಿದ್ದುದನ್ನು ಹಿರಿಯರು ಬಲ್ಲಿರಿ. ಹಾರ್ಮೋನಿಯಂ ಮಾಸ್ತರರು ಶ್ರುತಿ ಹಿಡಿದು ಕುಳಿತರೆ, ಮಾತು ಮರೆತ ದುರ್ಯೋಧನ ತಡವರಿಸುತ್ತಿದ್ದ. ನಾವು ಹುಡುಗರು ಕಿಟಕಿಯಲ್ಲಿ ಇಣುಕುತ್ತಿದ್ದೆವು. ನಮ್ಮನ್ನು ಯಾರೂ ಓಡಿಸುತ್ತಿರಲಿಲ್ಲ, ನಾಲ್ಕಾಣೆ ಕೊಡಿ ಎಂದು ಕೇಳುತ್ತಲೂ ಇರಲಿಲ್ಲ. ಟಿಕೇಟು ಇದ್ದದ್ದು ನಾಟಕಕ್ಕೆ. ತಾಲೀಮಿಗೂ ನಾಟಕಕ್ಕೂ ನಡುವಿನ ಈ ಗೆರೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದೂ ಇದನ್ನೇ. ಹೊಸ ಪ್ರಶ್ನಪತ್ರಿಕೆಯನ್ನು ಮೊದಲು ಸಣ್ಣ ಗುಂಪೊಂದಕ್ಕೆ ಕೊಟ್ಟು ನೋಡಬೇಕು, ಯಾವ ಪ್ರಶ್ನೆ ಅತಿ ಕಠಿಣ, ಯಾವುದು ದ್ವಂದ್ವಾರ್ಥದ್ದು ಎಂದು ಗುರುತಿಸಬೇಕು. ಆದರೆ ಆ ಮಕ್ಕಳ ಅಂಕಗಳನ್ನು ಅಂಕಪಟ್ಟಿಗೆ ಏರಿಸಕೂಡದು. ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಪ್ರಶ್ನಪತ್ರಿಕೆ.

ಕಂಪ್ಯೂಟರ್ ಆಟಗಳ ಲೋಕದಲ್ಲಿ ಈ ಗೆರೆ ಅಳಿಸಿಹೋಗಿದೆ. ಹಿಂದೆ ತಯಾರಕರು ಆಟ ಮುಗಿಯುವ ಹಂತದಲ್ಲಿ ಆಯ್ದ ಆಟಗಾರರಿಗೆ ಅದನ್ನು ಪುಕ್ಕಟೆಯಾಗಿ ಕೊಟ್ಟು ಪರೀಕ್ಷಿಸುತ್ತಿದ್ದರು. ಇದಕ್ಕೆ ಬೀಟಾ ಪರೀಕ್ಷೆ ಎಂದು ಹೆಸರು. ‘ಬೀಟಾ’ ಎಂಬ ಪದ ನಿಮಗೆ ಹೊಸದಲ್ಲ. 2004ರಲ್ಲಿ ಆರಂಭವಾದ ಜೀಮೇಲ್ 2009ರವರೆಗೂ ಅದೇ ಹಣೆಪಟ್ಟಿ ಹೊತ್ತಿತ್ತು. ಆದರೆ ಅದಕ್ಕೆ ನಾವು ಬಿಡಿಗಾಸನ್ನೂ ಕೊಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. 2013ರ ಮಾರ್ಚಿನಲ್ಲಿ ಅಮೆರಿಕದ ವಾಲ್ವ್ ಸಂಸ್ಥೆ ‘ಸ್ಟೀಮ್’ ಎಂಬ ತನ್ನ ಆಟದಂಗಡಿಯಲ್ಲಿ ‘ಅರ್ಲಿ ಆಕ್ಸೆಸ್’ ಎಂಬ ವಿಭಾಗ ತೆರೆಯಿತು. ಅಂದಿನಿಂದ ಅಪೂರ್ಣ ಆಟವೂ ಬೆಲೆಚೀಟಿ ಅಂಟಿಸಿಕೊಂಡ ಸರಕಾಯಿತು. ಈ ಆಟ ಪೂರ್ಣವಾಗಿಲ್ಲ, ಮುಂದೆ ಬದಲಾಗಬಹುದು ಅಥವಾ ಬದಲಾಗದೆಯೂ ಇರಬಹುದು ಎಂಬರ್ಥದ ಸೂಚನೆಯೊಂದನ್ನು ಅಲ್ಲಿ ತೂಗುಹಾಕಿರುತ್ತಾರೆ. ಬಟ್ಟೆ ಅಂಗಡಿಯವನು ‘ಈ ಅಂಗಿಗೆ ತೋಳು ಹೊಲಿದರೂ ಹೊಲಿದೇವು, ಬಿಟ್ಟರೂ ಬಿಟ್ಟೇವು’ ಎಂದು ಫಲಕ ಹಾಕಿ ದುಡ್ಡೆಣಿಸಿಕೊಂಡರೆ ನೀವು ಏನೆನ್ನುವಿರಿ?

ನನಗೆ ಈ ವಿಷಯ ತಿಳಿದದ್ದು ಮೊಮ್ಮಗನಿಂದ. ಅವನು ದ್ವಿತೀಯ ಪಿಯುಸಿ ಓದುತ್ತಿದ್ದಾನೆ, ಹದಿನೇಳು ವರ್ಷ. ಅವನು ಬೆಂಗಳೂರಿನಲ್ಲಿ, ಗೆಳೆಯರಲ್ಲಿ ಒಬ್ಬ ಶಿವಮೊಗ್ಗದಲ್ಲಿ, ಮತ್ತೊಬ್ಬ ಮಂಗಳೂರಿನಲ್ಲಿ. ನಾಲ್ಕನೆಯವಳು ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮೊಮ್ಮಗಳು. ನಮಗೆ ಭಾನುವಾರ ಬೆಳಗಾದಾಗ ಅಲ್ಲಿ ಶನಿವಾರದ ರಾತ್ರಿ. ಆ ಹೊತ್ತಿಗೆ ನಾಲ್ವರೂ ಸೇರುತ್ತಾರೆ. ಮರ ಕಡಿದು, ಮನೆ ಕಟ್ಟಿ, ದೋಣಿ ಮಾಡಿ ದ್ವೀಪದಿಂದ ದ್ವೀಪಕ್ಕೆ ಸಾಗುವ ಆಟ. (ಆಟದ ಹೆಸರು ಬೇಡ.) ತಲಾ ಒಂಬೈನೂರು ರೂಪಾಯಿಯಷ್ಟು ತೆತ್ತು ಕೊಂಡದ್ದು. ಒಂದು ದಿನ ಎರಡು ವಾರಗಳ ದುಡಿಮೆಯನ್ನೆಲ್ಲ ತುಂಬಿದ್ದ ಪೆಟ್ಟಿಗೆಯ ಸಮೇತ ದೋಣಿ ಕಣ್ಣೆದುರೇ ಮಾಯವಾಯಿತು. ಹುಡುಗರು ಅತ್ತುಕರೆದು ಸುಮ್ಮನಾಗಲಿಲ್ಲ. ಮೂರು ಭಾನುವಾರ ಅದೇ ಘಟನೆಯನ್ನು ಮತ್ತೆ ಮತ್ತೆ ಮಾಡಿ ನೋಡಿದರು. ದೋಣಿಯಲ್ಲಿ ಇಬ್ಬರಿದ್ದಾಗ ಆಗುವುದಿಲ್ಲ, ಮೂವರಿದ್ದು ಒಬ್ಬನ ಸಂಪರ್ಕ ಕಡಿದಾಗ ಮಾತ್ರ ಆಗುತ್ತದೆ ಎಂದು ಕಂಡುಕೊಂಡರು. ಆಮೇಲೆ ತಯಾರಕರಿಗೆ ವರದಿ ಬರೆದರು. ನಾವೇನು ಮಾಡಿದೆವು, ಏನಾಗಬೇಕಿತ್ತು, ನಿಜವಾಗಿ ಏನಾಯಿತು ಎಂದು ಮೂರು ಶೀರ್ಷಿಕೆಗಳು. ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೆಲ್ಲ ಇದು ಪರಿಚಿತ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ವಿಧಾನ, ನಿರೀಕ್ಷೆ, ವೀಕ್ಷಣೆ ಎಂದು ಬರೆಸುತ್ತಿದ್ದೆನಲ್ಲ, ಅದೇ. ಓದಿ ನೋಡಿದೆ. ನಾನು ಅಂಕ ಕೊಡುವುದಾಗಿದ್ದರೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದೆ. (ಒಂದು ಅಂಕ ಕಾಗುಣಿತಕ್ಕೆ ಹೋಯಿತು.)

ಉತ್ತರ ಬರಲಿಲ್ಲ. ಎರಡು ತಿಂಗಳ ಬಳಿಕ ಆಟದ ಹೊಸ ಆವೃತ್ತಿ ಬಂದಾಗ, ದೋಣಿ ಮಾಯವಾಗುವ ದೋಷವನ್ನು ಸರಿಪಡಿಸಲಾಗಿದೆ ಎಂಬ ಒಂದು ಸಾಲು ಇತ್ತು. ಯಾರ ಹೆಸರೂ ಇರಲಿಲ್ಲ. ಅದೇ ಆವೃತ್ತಿ ಇವರ ಹಳೆಯ ದ್ವೀಪಗಳನ್ನೆಲ್ಲ ಅಳಿಸಿಹಾಕಿ, ಮೊದಲಿನಿಂದ ಆರಂಭಿಸಿ ಎಂದಿತು. ‘ನಾವು ಹೇಳಿದ್ದರಿಂದಲೇ ಸರಿಮಾಡಿದರು ಅಂತ ಹೇಗೆ ಹೇಳೋದು ಅಜ್ಜ? ಬೇರೆಯವರೂ ಹೇಳಿರಬಹುದಲ್ವಾ?’ ಎಂದ ಮೊಮ್ಮಗ. ಅವನ ವಿನಯ ಮೆಚ್ಚುವಂಥದ್ದೇ. ಆದರೆ ನೂರು ಜನ ಹೇಳಿದ್ದರೆ ಆ ನೂರು ಜನರೂ ದುಡಿದಿದ್ದಾರೆ ಎಂದಲ್ಲವೇ ಅರ್ಥ?

ಇದು ದುಡಿಮೆ ಎನ್ನುವುದನ್ನೇ ನನ್ನ ಅನೇಕ ನಿವೃತ್ತ ಮಿತ್ರರು ಒಪ್ಪುವುದಿಲ್ಲ. ಸಂಜೆಯ ವಾಯುವಿಹಾರದಲ್ಲಿ ಈ ಮಾತೆತ್ತಿದರೆ, ‘ಆಟವಾಡುವುದು ಕೂಡ ಒಂದು ಕೆಲಸವೇನ್ರೀ?’ ಎಂದು ನಗುತ್ತಾರೆ. ಬೆಂಗಳೂರು, ಹೈದರಾಬಾದುಗಳಲ್ಲಿ ಆಟಗಳನ್ನು ಪರೀಕ್ಷಿಸುವುದನ್ನೇ ನೌಕರಿಯಾಗಿ ಮಾಡಿಕೊಂಡು ತಿಂಗಳ ಸಂಬಳ ಪಡೆಯುವ ತರುಣ ತರುಣಿಯರಿದ್ದಾರೆ. ಅವರು ಕಚೇರಿಯಲ್ಲಿ ಕುಳಿತು ಮಾಡಿದರೆ ಕೆಲಸ, ನಮ್ಮ ಹುಡುಗರು ಮನೆಯಲ್ಲಿ ಕುಳಿತು ಮೇಲಿಂದ ಒಂಬೈನೂರು ರೂಪಾಯಿ ತೆತ್ತು ಮಾಡಿದರೆ ಕಾಲಹರಣ! ಕರಡಚ್ಚು ತಿದ್ದುವವನಿಗೆ ಪುಟಕ್ಕಿಷ್ಟು ಎಂದು ಸಂಭಾವನೆ ಕೊಡುತ್ತೇವೆ. ಕಾದಂಬರಿ ಓದುವುದು ಸುಖಕರ, ಆದ್ದರಿಂದ ಕರಡಚ್ಚು ತಿದ್ದುವುದಕ್ಕೆ ನೀನೇ ದುಡ್ಡು ಕೊಡು ಎಂದು ಯಾವ ಪ್ರಕಾಶಕನೂ ಈವರೆಗೆ ಕೇಳಿದ್ದು ನಾನರಿಯೆ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಲೇಬೇಕು. ನನ್ನ ವಾದ ನಿಂತಿರುವುದು ಅದರ ಮೇಲೆ. ಒಬ್ಬನೇ ಆಡುವ ಆಟದ ದೋಷಗಳನ್ನು ಕಚೇರಿಯಲ್ಲಿ ನಾಲ್ಕು ಜನ ಕುಳಿತು ಬಹುಮಟ್ಟಿಗೆ ಹುಡುಕಬಹುದು. ಜೊತೆಗೂಡಿ ಆಡುವ ಆಟದ ಕಥೆ ಬೇರೆ. ನಾಲ್ವರು ನಾಲ್ಕು ಊರುಗಳಿಂದ ಆಡುವಾಗ ಅವರು ನೋಡುತ್ತಿರುವುದು ಒಂದೇ ಲೋಕವನ್ನಲ್ಲ. ಪ್ರತಿಯೊಬ್ಬರ ಯಂತ್ರವೂ ಆ ಲೋಕದ ತನ್ನದೇ ಚಿತ್ರವನ್ನು ಬರೆದುಕೊಳ್ಳುತ್ತಿರುತ್ತದೆ. ಎಲ್ಲೋ ಇರುವ ಸರ್ವರ್, ಅಥವಾ ನಾಲ್ವರಲ್ಲಿ ಒಬ್ಬನ ಯಂತ್ರವೇ ಯಜಮಾನನಂತೆ ನಿಂತು, ಈ ಚಿತ್ರಗಳನ್ನು ಕ್ಷಣಕ್ಷಣಕ್ಕೂ ತಾಳೆ ಹಾಕುತ್ತದೆ. ಬೆಂಗಳೂರಿನಿಂದ ಡಲ್ಲಾಸಿಗೆ ಸಂದೇಶ ಹೋಗಿ ಮರಳಲು ಸುಮಾರು ಕಾಲು ಸೆಕೆಂಡು ಬೇಕು. ಆ ಕಾಲು ಸೆಕೆಂಡಿನಲ್ಲಿ ಇಬ್ಬರೂ ಒಂದೇ ಪೆಟ್ಟಿಗೆಯಿಂದ ಒಂದೇ ಕೊಡಲಿಯನ್ನು ಎತ್ತಿಕೊಂಡರೆ ಕೊಡಲಿ ಯಾರದು? ಯಜಮಾನ ಯಂತ್ರ ಎಚ್ಚರ ತಪ್ಪಿದರೆ ಇಬ್ಬರಿಗೂ ‘ತೆಗೆದುಕೋ’ ಎನ್ನುತ್ತದೆ, ಒಂದು ಕೊಡಲಿ ಎರಡಾಗುತ್ತದೆ. ಇನ್ನೂ ಎಚ್ಚರ ತಪ್ಪಿದರೆ ಇಬ್ಬರ ಕೈಯಿಂದಲೂ ಹೋಗುತ್ತದೆ. ಒಬ್ಬನ ವಿದ್ಯುತ್ತು ಹೋದಾಗ, ಇನ್ನೊಬ್ಬ ಹಳೆಯ ಕಂಪ್ಯೂಟರಿನಲ್ಲಿ ಆಡುವಾಗ, ಮತ್ತೊಬ್ಬಳ ಅಮ್ಮ ಊಟಕ್ಕೆ ಕರೆದು ಅವಳು ನಡುವೆಯೇ ಎದ್ದುಹೋದಾಗ ಹುಟ್ಟುವ ದೋಷಗಳು ಲೆಕ್ಕವಿಲ್ಲದಷ್ಟು. ಕಚೇರಿಯ ವೇಗದ ಜಾಲದಲ್ಲಿ ಇವೆಲ್ಲ ಸುಲಭಕ್ಕೆ ಕಣ್ಣಿಗೆ ಬೀಳವು. ನಿಜವಾದ ಗೆಳೆಯರು, ನಿಜವಾದ ದೂರ, ನಿಜವಾದ ಅಡಚಣೆಗಳು ಬೇಕು.

ಅಂದರೆ ತಯಾರಕರಿಗೆ ಬೇಕಾದದ್ದು ನಮ್ಮ ಮಕ್ಕಳ ಸ್ನೇಹ. ಗಟ್ಟಿಯಾದ ಗುಂಪೊಂದೇ ವಾರವಾರವೂ ಬಂದು, ಸೋತರೂ ಬೇಸರಿಸದೆ, ಮುರಿದ ಆಟವನ್ನು ಮತ್ತೆ ಮತ್ತೆ ಆಡೀತು. ಮಾರಾಟಕ್ಕೂ ಬಳಕೆಯಾಗುವುದು ಅದೇ ಸ್ನೇಹ. ಒಬ್ಬ ಕೊಂಡರೆ ಉಳಿದ ಮೂವರು ಕೊಳ್ಳದೆ ವಿಧಿಯಿಲ್ಲ. ಕೊಳ್ಳದವನು ಗುಂಪಿನಿಂದ ಹೊರಗೆ. ಹದಿನೇಳರ ಹುಡುಗನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲವೆಂದು ಶಾಲೆಯಲ್ಲಿ ಕಾಲ ಕಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಶಿವಮೊಗ್ಗದ ಆ ಹುಡುಗ ಎರಡು ತಿಂಗಳ ಕೈಖರ್ಚು ಉಳಿಸಿ ಕೊಂಡನೆಂದು ಆಮೇಲೆ ತಿಳಿಯಿತು. ಪಬ್‌ಜಿ ಎಂದು ಮನೆಮಾತಾದ ಆಟ 2017ರ ಮಾರ್ಚಿನಲ್ಲಿ ಹೊರಬಂದದ್ದು ಅಪೂರ್ಣ ರೂಪದಲ್ಲೇ. ನಾಲ್ವರ ತಂಡವಾಗಿಯೂ ಆಡಬಹುದಾದ ಆಟ ಅದು. ಡಿಸೆಂಬರಿನಲ್ಲಿ ಅದು ಪೂರ್ಣಗೊಂಡಿತೆಂದು ಸಾರುವ ಮೊದಲೇ ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಪರೀಕ್ಷಿಸುವವರನ್ನು ಹಗುರವಾಗಿ ಕಾಣುವ ಚಾಳಿ ಹೊಸದೇನಲ್ಲ. 1997ರ ಆಗಸ್ಟಿನಲ್ಲಿ, ಸಾವಿರಾರು ಜನ ಒಟ್ಟಿಗೆ ಆಡಬಹುದಾದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದ ಬೀಟಾ ಪರೀಕ್ಷೆ ನಡೆದಿತ್ತು. ಅದರ ನಿರ್ಮಾತೃ ರಿಚರ್ಡ್ ಗ್ಯಾರಿಯಟ್ ಆಟದೊಳಗೆ ಲಾರ್ಡ್ ಬ್ರಿಟಿಷ್ ಎಂಬ ರಾಜನ ವೇಷದಲ್ಲಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದ. ಸಾವೇ ಇಲ್ಲದ ರಾಜ. ಆದರೆ ಸರ್ವರ್ ಕೆಟ್ಟು ಮತ್ತೆ ಆರಂಭವಾದಾಗ ಆ ಅಮರತ್ವವನ್ನು ಪುನಃ ಹೊಂದಿಸಿಕೊಳ್ಳಲು ಮರೆತಿದ್ದ. ಪರೀಕ್ಷಕನೊಬ್ಬ ಬೆಂಕಿಯ ಮಂತ್ರ ಪ್ರಯೋಗಿಸಿದ, ರಾಜ ಸತ್ತೇಹೋದ! ಪರೀಕ್ಷೆ ಎಂದರೆ ಇದೇ ಅಲ್ಲವೇ? ಸಾಯಬಾರದವನು ಸಾಯುತ್ತಾನೆಂದು ತೋರಿಸಿಕೊಡುವುದು. ಆ ಪರೀಕ್ಷಕನಿಗೆ ಸಿಕ್ಕಿದ್ದು ಪರೀಕ್ಷೆಯಿಂದ ಉಚ್ಚಾಟನೆ. ಹಿಂದೆಯೂ ದೋಷಗಳನ್ನು ವರದಿ ಮಾಡುವ ಬದಲು ದುರುಪಯೋಗಪಡಿಸಿಕೊಂಡಿದ್ದ ಎಂಬುದು ಕೊಟ್ಟ ಕಾರಣ. ಅದು ನಿಜವೇ ಇರಲಿ. ಆದರೂ ದಂಡಿಸಲು ಆರಿಸಿಕೊಂಡ ಮುಹೂರ್ತ ರಾಜನ ಮರಣದ ನಂತರದ್ದು ಎಂಬುದನ್ನು ನೋಡಿ ನನಗೆ ನಗು ಬರುತ್ತದೆ.

ಪುಕ್ಕಟೆ ದುಡಿಮೆಯ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಎಓಎಲ್ ಎಂಬ ಅಂತರ್ಜಾಲ ಸಂಸ್ಥೆಗಾಗಿ ಹರಟೆಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರಲ್ಲಿ ಕೆಲವರು 1999ರಲ್ಲಿ, ‘ನಾವು ಮಾಡಿದ್ದು ನೌಕರರ ಕೆಲಸ, ಕೂಲಿ ಕೊಡಿ’ ಎಂದು ದಾವೆ ಹೂಡಿದರು. 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ಅದು ರಾಜಿಯಾಯಿತು. ಅವರಿಗಾದರೂ ಅಂತರ್ಜಾಲ ಸಂಪರ್ಕ ಉಚಿತವಾಗಿ ದೊರೆಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಅವರ ಮೊದಲ ವಾದ: ಸಣ್ಣ ತಯಾರಕರಿಗೆ ಬಂಡವಾಳವಿಲ್ಲ, ಮುಂಗಡವಾಗಿ ಮಾರದಿದ್ದರೆ ಒಳ್ಳೆಯ ಆಟಗಳು ಹುಟ್ಟುವುದೇ ಇಲ್ಲ. ಇದರಲ್ಲಿ ಹುರುಳಿದೆ. ನಮ್ಮ ಎಷ್ಟೋ ಕನ್ನಡ ಪುಸ್ತಕಗಳು ಚಂದಾದಾರರ ಮುಂಗಡ ಹಣದಿಂದಲೇ ಅಚ್ಚಾದವು. ಆದರೆ ಮುಂಗಡ ಕೊಟ್ಟವನಿಗೆ ರಿಯಾಯಿತಿ ಇರುತ್ತಿತ್ತು, ಅವನು ಕಾಣದ ಉಪಕಾರಿಯಾಗಿರುತ್ತಿರಲಿಲ್ಲ. ಮೈನ್‌ಕ್ರಾಫ್ಟ್ ಎಂಬ ಆಟ ನಡೆದುಕೊಂಡದ್ದು ಹೀಗೆ. 2009ರಲ್ಲಿ ಸ್ವೀಡನ್ನಿನ ಒಬ್ಬ ವ್ಯಕ್ತಿ ಅದನ್ನು ಅಪೂರ್ಣವಾಗಿಯೇ ಜನರ ಮುಂದಿಟ್ಟ. ಮೊದಮೊದಲು ಕೊಂಡವರಿಗೆ ಅಂತಿಮ ಬೆಲೆಯ ಅರ್ಧದಷ್ಟು ದರ, ಮುಂದಿನ ಆವೃತ್ತಿಗಳೆಲ್ಲ ಉಚಿತ ಎಂಬ ಮಾತು. 2011ರ ನವೆಂಬರಿನಲ್ಲಿ ಆಟ ಪೂರ್ಣವೂ ಆಯಿತು. ಬೆಲ್ಜಿಯಂನ ಲಾರಿಯನ್ ಸಂಸ್ಥೆ ‘ಬಾಲ್ಡರ್ಸ್ ಗೇಟ್ 3’ರ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರಿನಲ್ಲಿ ಮಾರಾಟಕ್ಕಿಟ್ಟಿತು. ಪೂರ್ಣ ಬೆಲೆ ತೆಗೆದುಕೊಂಡಿತೆಂಬ ಆಕ್ಷೇಪ ನನಗಿದೆ. ಆದರೆ ಇರುವುದು ಇಷ್ಟೇ ಎಂದು ಮುಚ್ಚುಮರೆಯಿಲ್ಲದೆ ಹೇಳಿ, 2023ರ ಆಗಸ್ಟಿನಲ್ಲಿ ಇಡೀ ಆಟವನ್ನು ಕೈಗಿತ್ತಿತು. ಕೆನಡಾದ ಕ್ಲೈ ಸಂಸ್ಥೆಯ ‘ಡೋಂಟ್ ಸ್ಟಾರ್ವ್ ಟುಗೆದರ್’ ನನಗೆ ಇನ್ನೂ ಹೆಚ್ಚು ಪ್ರಿಯ. ಜೊತೆಗೂಡಿ ಆಡುವ ಆ ಆಟದ ಅಪೂರ್ಣ ಆವೃತ್ತಿಯನ್ನು 2014ರಲ್ಲಿ ಒಬ್ಬ ಕೊಂಡರೆ, ಗೆಳೆಯನಿಗೆ ಕೊಡಲೆಂದು ಇನ್ನೊಂದು ಪ್ರತಿ ಸಿಗುತ್ತಿತ್ತು. ಸ್ನೇಹವನ್ನು ಬಳಸಿಕೊಳ್ಳುವವನು ಸ್ನೇಹಕ್ಕೆ ಅಷ್ಟಾದರೂ ಮರ್ಯಾದೆ ಕೊಟ್ಟನಲ್ಲ!

ಅಂದಮೇಲೆ ಮರ್ಯಾದೆಯಿಂದ ನಡೆದುಕೊಳ್ಳಲು ಸಾಧ್ಯವಿದೆ. ಸಾಧ್ಯವಿದ್ದೂ ಮಾಡದವರೇ ನನ್ನ ಎದುರಾಳಿಗಳು. ‘ದಿ ಡೇ ಬಿಫೋರ್’ ಎಂಬ ಆಟ 2023ರ ಡಿಸೆಂಬರ್ 7ರಂದು ಅಪೂರ್ಣ ರೂಪದಲ್ಲಿ ಮಾರಾಟಕ್ಕೆ ಬಂತು. ನಾಲ್ಕೇ ದಿನಗಳಲ್ಲಿ ಅದರ ತಯಾರಕ ಸಂಸ್ಥೆ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಮರುತಿಂಗಳು ಸರ್ವರ್‌ಗಳೂ ನಿಂತವು. ಹಣ ಹಿಂದಿರುಗಿತು ನಿಜ, ಪ್ರಕರಣ ಜಗಜ್ಜಾಹೀರಾಗಿತ್ತು. ಸದ್ದಿಲ್ಲದೆ ಸಾಯುವ ಆಟಗಳ ಗತಿಯೇನು? ಸ್ಟೀಮ್‌ನ ಸಾಮಾನ್ಯ ನಿಯಮದಂತೆ ಹಣ ಮರಳಿ ಪಡೆಯಲು ಕೊಂಡ 14 ದಿನಗಳೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಎರಡು ಗಂಟೆಯಲ್ಲಿ ಮೊಮ್ಮಗನ ಗುಂಪು ಇನ್ನೂ ಮನೆಗೆ ಮಾಡನ್ನೂ ಹಾಕಿರಲಿಲ್ಲ. ಇನ್ನು ‘ಸ್ಟಾರ್ ಸಿಟಿಜನ್’ ಎಂಬ ಅಂತರಿಕ್ಷದ ಆಟ 2012ರಲ್ಲಿ ಜನರಿಂದ ಹಣ ಎತ್ತಲು ಆರಂಭಿಸಿ, 2014ರಲ್ಲಿ ಸಿದ್ಧವಾಗುತ್ತದೆ ಎಂದಿತ್ತು. 2024ರ ಹೊತ್ತಿಗೆ ಸಂಗ್ರಹವಾದ ಮೊತ್ತ 70 ಕೋಟಿ ಡಾಲರನ್ನು ದಾಟಿತ್ತು, ಆಟ ಮಾತ್ರ ಪೂರ್ಣವಾಗಿರಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಎಂಟನೆಯ ತರಗತಿಯಲ್ಲಿ ಕೊಡಬೇಕಾಗಿದ್ದ ರೆಕಾರ್ಡ್ ಪುಸ್ತಕವನ್ನು ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ತಂದುಕೊಟ್ಟಿದ್ದ. ಇವರ ಮುಂದೆ ಅವನು ಸತ್ಯಹರಿಶ್ಚಂದ್ರ. (ಓದುತ್ತಿದ್ದೀಯಷ್ಟೆ? ಹೆಸರು ಹೇಳುವುದಿಲ್ಲ.)

ಎದುರುಪಕ್ಷದ ಎರಡನೆಯ ವಾದ: ಆಟಗಾರರು ಸೂಚನೆ ಓದಿ, ಒಪ್ಪಿಗೆಯ ಗುಂಡಿ ಒತ್ತಿಯೇ ಕೊಂಡಿದ್ದಾರೆ, ಬಲವಂತವೇನಿತ್ತು? ವಕೀಲಿ ಓದಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಡಬೇಕು. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪ್ರಾಪ್ತವಯಸ್ಕ ಕರಾರು ಮಾಡಿಕೊಳ್ಳಲು ಅರ್ಹನೇ ಅಲ್ಲ. ಹದಿನೆಂಟು ತುಂಬದ ನನ್ನ ಮೊಮ್ಮಗ ಒತ್ತಿದ ಆ ಗುಂಡಿಗೆ, ಅವನು ತನ್ನ ಪಾಲಿನ ತೋಟ ಬರೆದುಕೊಟ್ಟ ಪತ್ರಕ್ಕಿರುವಷ್ಟೇ ಬೆಲೆ. ಕಾಯಿದೆಯನ್ನು ಬದಿಗಿಟ್ಟರೂ, ಎಚ್ಚರಿಕೆಯ ಫಲಕ ನೆಟ್ಟ ಮಾತ್ರಕ್ಕೆ ಗುಂಡಿ ತೋಡಿದವನು ನಿರಪರಾಧಿಯಾಗುವುದಿಲ್ಲ. ಇಲ್ಲಂತೂ ಇನ್ನೊಂದು ವಿಚಿತ್ರವಿದೆ. ಅಪೂರ್ಣ ಆಟಗಳನ್ನು ಮಾರುವ ತಯಾರಕರಿಗೆ ಸ್ಟೀಮ್ ಕೊಟ್ಟಿರುವ ಮಾರ್ಗಸೂಚಿಯಲ್ಲೇ, ಭವಿಷ್ಯದ ಬಗ್ಗೆ ಖಚಿತ ವಾಗ್ದಾನ ಮಾಡಬೇಡಿ ಎಂಬ ಬುದ್ಧಿಮಾತಿದೆ. ಆಟಗಾರ ಮೋಸಹೋಗದಿರಲೆಂದು ಹೇಳಿದ ಮಾತಿರಬಹುದು. ಆದರೆ ಅದು ತಯಾರಕನಿಗೂ ಕವಚವಾಯಿತು. ಯಾವ ಗಡುವನ್ನೂ ಕೊಡದವನು ಯಾವ ಗಡುವನ್ನೂ ಮೀರಲಾರ! ಅಂಗಡಿಗೆ ಮಾತ್ರ ಪ್ರತಿ ಮಾರಾಟದಲ್ಲೂ ಸಾಮಾನ್ಯವಾಗಿ ಶೇಕಡಾ 30ರ ಪಾಲು, ಆಟ ಪೂರ್ಣವಿರಲಿ, ಅಪೂರ್ಣವಿರಲಿ. ಒಂದು ವರ್ಷಕ್ಕೂ ಮೀರಿ ತಿದ್ದುಪಡಿಯೇ ಬಾರದ ಆಟಗಳ ಪುಟದಲ್ಲಿ ಎಚ್ಚರಿಕೆ ತೋರಿಸುವ ಕ್ರಮವನ್ನು ಅದು ಆರಂಭಿಸಿದ್ದು 2025ರಲ್ಲಿ, ‘ಅರ್ಲಿ ಆಕ್ಸೆಸ್’ ವಿಭಾಗ ತೆರೆದು ಹನ್ನೆರಡು ವರ್ಷಗಳಾದ ಮೇಲೆ.

ಮೂರನೆಯದಾಗಿ, ಮಕ್ಕಳು ಇದನ್ನು ಸಂತೋಷದಿಂದ ಮಾಡುತ್ತಾರೆ ಎನ್ನುತ್ತಾರೆ. ಮಾಡುತ್ತಾರೆ, ನಾನೇ ನೋಡಿದ್ದೇನೆ. ದೋಣಿ ಮಾಯವಾಗುವುದನ್ನು ಮೂರನೆಯ ಸಲ ಬೇಕೆಂದೇ ಮಾಡಿ ತೋರಿಸಿದಾಗ ಆ ನಾಲ್ವರೂ ಹಾಕಿದ ಕೇಕೆ ಪಕ್ಕದ ಕೋಣೆಗೂ ಕೇಳಿಸಿತು. ಡಲ್ಲಾಸಿನ ಹುಡುಗಿ ಹುಟ್ಟಿದಾಗಿನಿಂದ ನಮ್ಮ ಮನೆಗೆ ಬಂದದ್ದು ಎರಡೇ ಸಲ. ಈಗ ಅವಳು ಅಣ್ಣನನ್ನು ‘ಅಣ್ಣ’ ಎಂದೇ ಕರೆಯುತ್ತಾಳೆ, ‘ದೋಣಿ’, ‘ಕೊಡಲಿ’, ‘ಓಡೋ!’ ಎನ್ನುತ್ತಾಳೆ. ನನ್ನ ತಂಗಿ ಹತ್ತು ವರ್ಷ ಕೂರಿಸಿಕೊಂಡು ಕಲಿಸಲಾಗದ ಕನ್ನಡವನ್ನು ಒಂದು ಮುರುಕು ಆಟ ಕಲಿಸಿತು. ಈ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಆದರೆ ಸಂತೋಷದಿಂದ ಮಾಡುವ ಕೆಲಸಕ್ಕೆ ಗೌರವ ಸಲ್ಲಬೇಕಿಲ್ಲ ಎನ್ನುವುದು ಯಾವ ನ್ಯಾಯ? ನಾನೂ ಪಾಠವನ್ನು ಸಂತೋಷದಿಂದಲೇ ಮಾಡುತ್ತಿದ್ದೆ. ಹಾಗೆಂದು ಸರ್ಕಾರ ನನ್ನಿಂದ ತಿಂಗಳಿಗಿಷ್ಟು ಎಂದು ವಸೂಲಿ ಮಾಡಲಿಲ್ಲ.

ಆದ್ದರಿಂದ ಮನೆಯಲ್ಲಿ ಮಕ್ಕಳಿರುವ ಬಂಧುಗಳಲ್ಲಿ ಒಂದು ಕೋರಿಕೆ. ಆಡಬೇಡಿ ಎಂದು ಗದರಿಸಬೇಡಿ. ಕೊಳ್ಳುವ ಮುನ್ನ ಜೊತೆಯಲ್ಲಿ ಕುಳಿತು ಆ ಪುಟವನ್ನು ಓದಿ. ಈ ದಿನ ಇರುವ ಸ್ಥಿತಿಯಲ್ಲಿ ಅದಕ್ಕೆ ಆ ಬೆಲೆ ಸಲ್ಲುತ್ತದೆಯೇ, ಕೊನೆಯ ತಿದ್ದುಪಡಿ ಬಂದು ಎಷ್ಟು ದಿನವಾಯಿತು, ಪೂರ್ಣವಾದ ಮೇಲೆ ಹಳೆಯ ಕೊಳ್ಳುಗರಿಗೆ ಮತ್ತೆ ಬೆಲೆ ಕಟ್ಟುತ್ತಾರೆಯೇ ಎಂದು ಕೇಳಿ. ಪುಕ್ಕಟೆಯಾಗಿ ಪರೀಕ್ಷೆಗೆ ಕರೆಯುವ ಆಟಗಳೂ ಇನ್ನೂ ಇವೆ. ಅಂಥಲ್ಲಿ ಸೇರಲಿ, ವರದಿ ಬರೆಯುವುದನ್ನು ಕಲಿಯಲಿ. ಬರೆದ ವರದಿಯ ಒಂದು ಪ್ರತಿಯನ್ನು ತಮ್ಮ ಬಳಿಯೂ ಇಟ್ಟುಕೊಳ್ಳಲಿ. ಮೊಮ್ಮಗ ಈಗ ಹಳೆಯ ರೆಕಾರ್ಡ್ ಪುಸ್ತಕವೊಂದರಲ್ಲಿ ದಿನಾಂಕ ಹಾಕಿ ಬರೆದಿಡುತ್ತಿದ್ದಾನೆ.

ತಯಾರಕರಿಂದ ನಾನು ಕೇಳುವುದೂ ಹೆಚ್ಚಿನದೇನಲ್ಲ. ಪರೀಕ್ಷೆಗೆಂದು ಕೊಡುವುದಾದರೆ ಪುಕ್ಕಟೆ ಕೊಡಲಿ. ಹಣ ಬೇಕೇ ಬೇಕೆಂದರೆ ಅರ್ಧ ಬೆಲೆ ತೆಗೆದುಕೊಂಡು, ಏನಿದೆ ಏನಿಲ್ಲ ಎಂದು ಬರೆದುಕೊಡಲಿ. ಆಟ ಕೈಬಿಟ್ಟರೆ ಎರಡು ಗಂಟೆಯ ಲೆಕ್ಕ ಹೇಳದೆ ಹಣ ಹಿಂದಿರುಗಿಸಲಿ. ದೋಷ ತೋರಿಸಿಕೊಟ್ಟವರ ಹೆಸರನ್ನು, ಅವರು ಒಪ್ಪಿದರೆ, ಆಟದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಸೇರಿಸಲಿ. ಸಿನಿಮಾದವರು ಚಹಾ ತಂದುಕೊಟ್ಟ ಹುಡುಗನ ಹೆಸರನ್ನೂ ಹಾಕುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಬೆಂಗಳೂರಿನಲ್ಲಿ ಆಟ ತಯಾರಿಸುವ ಸಂಸ್ಥೆಗಳಲ್ಲಿದ್ದೀರೆಂದು ಕೇಳಿದ್ದೇನೆ. ಹೊರಗಿನವರು ಬರೆದ ದೋಷವರದಿಗಳನ್ನು ನಿಮ್ಮಲ್ಲಿ ಯಾರು ಓದುತ್ತಾರೆ, ಎಷ್ಟನ್ನು ಓದುತ್ತಾರೆ, ಬರೆದವನಿಗೆ ಒಂದು ಸಾಲಿನ ಉತ್ತರ ಕಳಿಸಲು ಅಡ್ಡಿಯೇನು? ಮೇಷ್ಟ್ರೆಂಬ ಸಂಕೋಚ ಬಿಟ್ಟು ಬರೆಯಿರಿ. ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಸರಿಯೇ, ಮುಂದಿನ ಬರಹದಲ್ಲಿ ನಿಮ್ಮ ಮಾತುಗಳಲ್ಲೇ ಪ್ರಕಟಿಸುತ್ತೇನೆ.